ಭಕ್ತಿಚಿತ್ರಗಳೂ ಮನಃಶಾಸ್ತ್ರವೂ: ಗೋರಾ ಕುಂಬಾರನ ಅಂಗಳದಿಂದ ಒಂದು ನೋಟ

ಸೋಲಾಪುರ ಸೀಮೆಯ ಕನ್ನಡಿಗರಿಗೆ ಪಂಢರಪುರವು ನೆರೆಮನೆ ಇದ್ದಂತೆ. ಆಷಾಢ ಬಂತೆಂದರೆ ತಾಳ ಮೃದಂಗಗಳ ದಿಂಡಿಗಳು ನಮ್ಮ ಹೊಲಗಳ ಬದಿಯಲ್ಲಿಯೇ ಸಾಗುತ್ತವೆ. ಅವುಗಳಲ್ಲಿ ಮರಾಠಿ ಮಾತನಾಡುವವರೂ ಇರುತ್ತಾರೆ, ಕನ್ನಡ ಮಾತನಾಡುವವರೂ ಇರುತ್ತಾರೆ. ಹೆಜ್ಜೆ ಮಾತ್ರ ಒಂದೇ. ಜ್ಞಾನೇಶ್ವರ ಮಹಾರಾಜರು ವಿಠ್ಠಲನನ್ನು ಕನ್ನಡದವನೆಂದು ಕರೆದ ಸಂಗತಿಯನ್ನು ನಮ್ಮ ಸಂಘದ ವೇದಿಕೆಯಲ್ಲಿ ಯಾರಾದರೊಬ್ಬರು ನೆನಪಿಸದೆ ಬಿಡುವುದಿಲ್ಲ. ನಾನೂ ಹಲವು ಸಲ ನೆನಪಿಸಿದ್ದೇನೆ. ಈ ಬಾರಿ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ ಆ ಅಭಿಮಾನದ ಮಾತನ್ನು ಬದಿಗಿಟ್ಟು, ಅದೇ ವಿಠ್ಠಲನ ಭಕ್ತರನ್ನು ಬೆಳ್ಳಿತೆರೆಯು ಹೇಗೆ ಕಂಡಿತು, ಆ ಚಿತ್ರಗಳನ್ನು ಮನಃಶಾಸ್ತ್ರದ ನೆರವಿನಿಂದ ನೋಡಿದರೆ ಏನು ತಿಳಿಯುತ್ತದೆ, ಏನು ಕೈತಪ್ಪುತ್ತದೆ ಎಂಬುದನ್ನು ಬರೆಯಬೇಕೆನಿಸಿತು. ಬಿ.ಎ. ತರಗತಿಯಲ್ಲಿ ಸ್ವಲ್ಪ, ಬಿ.ಎಡ್.ನಲ್ಲಿ ಇನ್ನಷ್ಟು ಮನಃಶಾಸ್ತ್ರ ಓದಿದವನು ನಾನು. ಆ ಶಾಸ್ತ್ರದ ಪಂಡಿತನಲ್ಲ. ಆದರೆ ಪ್ರಶ್ನೆ ನನ್ನ ಮನೆಯೊಳಗಿಂದಲೇ ಎದ್ದದ್ದು. ಅದನ್ನು ಮುಂದೆ ನಿವೇದಿಸುತ್ತೇನೆ.

ಭಕ್ತಿಚಿತ್ರಗಳನ್ನು ನೋಡುವ ಎರಡು ಬಗೆಗಳು ನಮ್ಮಲ್ಲಿ ರೂಢಿಯಲ್ಲಿವೆ. ತೆರೆಯ ಮೇಲೆ ದೇವರು ಪ್ರತ್ಯಕ್ಷನಾದೊಡನೆ ಕೈಮುಗಿಯುವುದು ಒಂದು. ಕ್ಯಾಮೆರಾದ ಕೈಚಳಕವೆಂದು ನಗುವುದು ಇನ್ನೊಂದು. ಕೈಮುಗಿದವರೂ ನಕ್ಕವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ: ದೇವರು ಬಂದನೋ ಇಲ್ಲವೋ? ಮನಃಶಾಸ್ತ್ರದ ವಿಮರ್ಶೆಯು ಆ ಪ್ರಶ್ನೆಯನ್ನು ತಡೆಹಿಡಿದು ಬೇರೊಂದನ್ನು ಕೇಳುತ್ತದೆ. ದೇವರು ಬಂದನೆಂದು ನಂಬಿದಾಗ ಆ ಭಕ್ತನ ಮನಸ್ಸಿನಲ್ಲಿ ಏನಾಯಿತು? ಅವನ ಜೊತೆ ಒಂದೇ ಸೂರಿನಡಿ ಬಾಳುವವರ ಮನಸ್ಸಿನಲ್ಲಿ ಏನಾಯಿತು? ಕತ್ತಲಲ್ಲಿ ಕುಳಿತು ನೋಡುತ್ತಿದ್ದ ನಮ್ಮ ಮನಸ್ಸಿನಲ್ಲಿ ಏನಾಯಿತು?

ಈ ದಾರಿಯನ್ನು ತೆರೆದವರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಪ್ರಮುಖರು. ಎಡಿನ್‌ಬರೋದಲ್ಲಿ ಅವರು ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾಗಿ ಬಂದವು. ಧಾರ್ಮಿಕ ಅನುಭವವನ್ನು ಅದರ ಹುಟ್ಟಿನಿಂದ ಅಳೆಯಬೇಡಿ, ಅದು ಮನುಷ್ಯನ ಬಾಳಿನಲ್ಲಿ ಬಿಟ್ಟ ಫಲದಿಂದ ಅಳೆಯಿರಿ ಎಂಬುದು ಅವರ ನಿಲುವಿನ ಸಾರ. ಸಿಗ್ಮಂಡ್ ಫ್ರಾಯ್ಡ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದರು; ಹುಟ್ಟನ್ನೇ ಅಗೆದರು. 1927ರಲ್ಲಿ ಅವರು ಧರ್ಮವನ್ನು ಭ್ರಮೆಯೆಂದು ಕರೆದದ್ದು ಎಲ್ಲರಿಗೂ ಗೊತ್ತು. ಆದರೆ ಅವರ ಅರ್ಥದಲ್ಲಿ ಭ್ರಮೆಯೆಂದರೆ ಸುಳ್ಳು ಎಂದಲ್ಲ, ಬಯಕೆಯಿಂದ ಹುಟ್ಟಿದ ನಂಬಿಕೆ ಎಂದು. ಈ ಸೂಕ್ಷ್ಮವನ್ನು ಅವರನ್ನು ಬೈಯುವವರೂ ಹೊಗಳುವವರೂ ಮರೆಯುತ್ತಾರೆ. ಅದೇ ವರ್ಷ ಫ್ರೆಂಚ್ ಲೇಖಕ ರೋಮಾ ರೋಲಾ ಅವರು ಫ್ರಾಯ್ಡರಿಗೆ ಪತ್ರ ಬರೆದು, ನಂಬಿಕೆಯ ಮಾತು ಹಾಗಿರಲಿ, ಕಡಲಿನಂತೆ ಎಲ್ಲೆಯಿಲ್ಲದ ಒಂದು ಅನುಭವ ಭಕ್ತರಿಗೆ ಇರುತ್ತದಲ್ಲ, ಅದಕ್ಕೆ ಏನು ಹೇಳುವಿರಿ ಎಂದು ಕೇಳಿದರು. ಅಂಥ ಅನುಭವ ತಮ್ಮೊಳಗೆ ಕಾಣುತ್ತಿಲ್ಲವೆಂದು ಫ್ರಾಯ್ಡ್ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅದನ್ನು ತಾಯಿಯ ಮೊಲೆಯುಣ್ಣುವ ಕೂಸಿನ ಸ್ಥಿತಿಗೆ ಜೋಡಿಸಿ ವಿವರಿಸಿದರು. ನಮ್ಮ ದೇಶದ ಸುಧೀರ್ ಕಕ್ಕರ್ ಅವರು ಈ ಎರಡೂ ದಾರಿಗಳನ್ನು ಬಲ್ಲವರಾಗಿದ್ದು, ರಾಮಕೃಷ್ಣ ಪರಮಹಂಸರ ಮೇಲೂ ಹಿಂದಿ ಸಿನಿಮಾಗಳ ಮೇಲೂ ಒಂದೇ ಶ್ರದ್ಧೆಯಿಂದ ಬರೆದರು.

ಮೊದಲು ನೋಡುವವರ ಮನಸ್ಸನ್ನು ಎತ್ತಿಕೊಳ್ಳೋಣ, ಅದು ಸುಲಭ. 1975ರಲ್ಲಿ 'ಜೈ ಸಂತೋಷಿ ಮಾ' ಬಂದಾಗ ಜನ ಚಿತ್ರಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದದ್ದು, ತೆರೆಯತ್ತ ಹೂವು ನಾಣ್ಯ ಎರಚಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಇವರನ್ನು ಮೂಢರೆಂದು ಬಿಡುವುದು ಸರಿಯಲ್ಲ. ಟಿಕೀಟು ಕೊಂಡವರಿಗೆ ಅದು ಸಿನಿಮಾ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಮಕ್ಕಳ ವೈದ್ಯರಾಗಿದ್ದ ಆಂಗ್ಲ ಮನೋವಿಶ್ಲೇಷಕ ವಿನಿಕಾಟ್ ಒಂದು ಉಪಯುಕ್ತ ಮಾತು ಹೇಳಿದ್ದಾರೆ: ಕೂಸು ತಬ್ಬಿಕೊಂಡು ಮಲಗುವ ಗೊಂಬೆ ಪೂರ್ತಿ ಹೊರಗಿನದೂ ಅಲ್ಲ, ಪೂರ್ತಿ ಮನಸ್ಸಿನೊಳಗಿನದೂ ಅಲ್ಲ, ನಡುವೆ ಒಂದು ಜಾಗವಿದೆ, ಆಟ, ಕಲೆ, ಧರ್ಮ ಎಲ್ಲವೂ ಬೆಳೆಯುವುದು ಅಲ್ಲಿಯೇ. ಗೊಂಬೆಯನ್ನು ನೀನು ಕಲ್ಪಿಸಿಕೊಂಡೆಯಾ ಅಥವಾ ಅದು ನಿಜವಾಗಿ ಇದೆಯಾ ಎಂದು ಯಾವ ತಾಯಿಯೂ ಕೂಸನ್ನು ಕೇಳುವುದಿಲ್ಲ. ಚಿತ್ರಮಂದಿರದ ಕತ್ತಲೂ ಅಂಥದೇ ನಡುವಿನ ಜಾಗ. ಪ್ರಭಾತ್ ಕಂಪನಿಯ 'ಸಂತ ತುಕಾರಾಂ' (1936) ಚಿತ್ರಕ್ಕಾಗಿ ಶಾಂತಾರಾಮ ಆಠವಲೆಯವರು ಬರೆದ ಒಂದು ಪದವನ್ನು ಜನ ತುಕಾರಾಮರದೇ ಅಭಂಗವೆಂದು ತಿಳಿದರು. ನಮ್ಮೂರ ಭಜನೆಗಳಲ್ಲಿ ಇಂದಿಗೂ ಕೆಲವರು ಹಾಗೆಯೇ ತಿಳಿದು ಹಾಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಇನ್ನು ಕಷ್ಟದ ಭಾಗ. ಕನ್ನಡಿಗರೆಲ್ಲ ಬಲ್ಲ ಭಕ್ತಿಚಿತ್ರ 'ಭಕ್ತ ಕುಂಬಾರ' (1974). ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಗೋರಾ ಕುಂಬಾರನಾಗಿ ರಾಜಕುಮಾರ್. ಗೋರೋಬಾ ನಮಗೆ ದೂರದವನಲ್ಲ. ಅವನ ಊರು ತೇರ್, ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಹದಿಮೂರನೆಯ ಶತಮಾನದ ಆ ಸಂತನ ಕಥೆಯನ್ನು 18ನೆಯ ಶತಮಾನದ ಮಹೀಪತಿ ತನ್ನ 'ಭಕ್ತವಿಜಯ'ದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಸಂಪ್ರದಾಯದಲ್ಲಿ ಕಥೆ ನಡೆಯುವ ಬಗೆ ಹೀಗೆ: ಹೆಂಡತಿ ಕೂಸನ್ನು ಗಂಡನ ಬಳಿ ಬಿಟ್ಟು ನೀರಿಗೆ ಹೋಗುತ್ತಾಳೆ. ಅವನು ವಿಠ್ಠಲನಾಮದಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುತ್ತಾನೆ. ಅಂಬೆಗಾಲಿಡುತ್ತ ಬಂದ ಕೂಸು ಅವನ ಕಾಲಡಿ ಸಿಕ್ಕಿ ಮಣ್ಣಿನಲ್ಲಿ ಮಣ್ಣಾಗುತ್ತದೆ. ಹಿಂತಿರುಗಿದ ತಾಯಿ ದೇವರನ್ನೂ ಗಂಡನನ್ನೂ ಶಪಿಸುತ್ತಾಳೆ. ಅವನು ಸಿಟ್ಟಿಗೆದ್ದು ಹೊಡೆಯಲು ಬರುತ್ತಾನೆ. ನನ್ನನ್ನು ಮುಟ್ಟಿದರೆ ವಿಠ್ಠಲನ ಆಣೆ ಎನ್ನುತ್ತಾಳೆ. ಆಣೆಯನ್ನು ಅವನು ಅಕ್ಷರಶಃ ಪಾಲಿಸುತ್ತಾನೆ. ವಂಶ ನಿಲ್ಲಬಾರದೆಂದು ತಂಗಿಯನ್ನೂ ಅವನಿಗೆ ಮದುವೆ ಮಾಡಿಸುತ್ತಾರೆ. ಇಬ್ಬರನ್ನೂ ಸಮನಾಗಿ ಕಾಣಬೇಕೆಂದು ಮಾವ ಹೇಳಿದ ಮಾತನ್ನೇ ಹಿಡಿದು ಅವನು ಇಬ್ಬರನ್ನೂ ಮುಟ್ಟುವುದಿಲ್ಲ. ನಿದ್ದೆಯಲ್ಲಿದ್ದಾಗ ಅವನ ಕೈಗಳನ್ನು ಅಕ್ಕತಂಗಿಯರು ತಮ್ಮ ಮೇಲೆ ಇರಿಸಿಕೊಳ್ಳುತ್ತಾರೆ. ಎಚ್ಚರಾದ ಗೋರಾ ಆಣೆ ಮುರಿದ ಕೈಗಳನ್ನು ಕತ್ತರಿಸಿಕೊಳ್ಳುತ್ತಾನೆ. ಕೊನೆಗೆ ಪಂಢರಪುರದಲ್ಲಿ ನಾಮದೇವರ ಕೀರ್ತನೆಯ ನಡುವೆ ಕೈಗಳು ಚಿಗುರುತ್ತವೆ, ಕೂಸು ಮರಳುತ್ತದೆ.

ಕೀರ್ತನಕಾರರು ಈ ಕಥೆಯನ್ನು ವಿಠ್ಠಲನ ಆಣೆಯ ಮಹಿಮೆಯೆಂದು ಹೇಳುತ್ತಾರೆ. ಚಿತ್ರವೂ ಆ ದಾರಿಯನ್ನೇ ಹಿಡಿದಿದೆ. ಆದರೆ ಕಥೆಯ ದೇಹವನ್ನು ಗಮನಿಸಿರಿ. ಕೂಸನ್ನು ತುಳಿದದ್ದು ಕಾಲು. ಶಿಕ್ಷೆ ಅನುಭವಿಸಿದ್ದು ಕೈ. ಕನಸುಗಳನ್ನು ಕುರಿತ ತಮ್ಮ ಪುಸ್ತಕದಲ್ಲಿ ಫ್ರಾಯ್ಡ್ ಸ್ಥಾನಪಲ್ಲಟ ಎಂಬ ವ್ಯಾಪಾರವನ್ನು ವಿವರಿಸಿದ್ದಾರೆ: ಸಹಿಸಲಾರದ ಭಾವವು ತನ್ನ ನಿಜವಾದ ವಿಷಯವನ್ನು ಬಿಟ್ಟು ಪಕ್ಕದ ಚಿಕ್ಕ ವಿಷಯವೊಂದನ್ನು ಹೋಗಿ ಹಿಡಿಯುತ್ತದೆ. ಕೂಸು ಸತ್ತ ಕ್ಷಣದಲ್ಲಿ ಗೋರಾನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ಹೆಂಡತಿಯ ಮೇಲೆ. ಆ ಮೇಲೆ ಒಂದು ಆಣೆಯನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡನು. ಕೊನೆಗೆ ನಿದ್ದೆಯಲ್ಲಿ ನಡೆದ, ತನ್ನ ತಪ್ಪೇ ಅಲ್ಲದ ಒಂದು ಸಣ್ಣ ಸಂಗತಿಗೆ ಕೈಗಳನ್ನೇ ತೆತ್ತನು. ತಪ್ಪಿಗೂ ದಂಡನೆಗೂ ಅಳತೆ ಕೂಡುವುದಿಲ್ಲ. ಮೊದಲಿನ ತಪ್ಪನ್ನು ಲೆಕ್ಕಕ್ಕೆ ತಂದರೆ ಮಾತ್ರ ಅಳತೆ ಕೂಡುತ್ತದೆ. ಹೆಂಡತಿಯನ್ನು ಮುಟ್ಟೆನೆಂಬ ಗೋರಾನ ಹಟದ ಹಿಂದೆ ಇನ್ನೊಂದು ಕೂಸು ಹುಟ್ಟಬಾರದೆಂಬ ಭಯವೂ ಇದ್ದಿರಬಹುದು ಎಂದು ನನಗೆ ತೋರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ತಂದೆ ವಾರಕರಿ. ಒಂದು ಆಷಾಢವೂ ತಪ್ಪಿಸಿದವರಲ್ಲ. ನಾನು ಏಳು ವರ್ಷದವನಿದ್ದಾಗ ಅವರು ದಿಂಡಿಯಲ್ಲಿ ಹೋಗಿದ್ದ ಹೊತ್ತಿಗೆ ಮನೆಯಲ್ಲಿ ನನ್ನ ಪುಟ್ಟ ತಂಗಿಗೆ ವಾಂತಿಭೇದಿ ಹಿಡಿಯಿತು. ಹೊರಡುವ ಹಿಂದಿನ ದಿನವೇ ಕೂಸಿನ ಮೈ ಬಿಸಿ ಇತ್ತು. ಅವ್ವ ಒಂದು ಮಾತು ಅಂದಿದ್ದಳು. ಪಾಂಡುರಂಗ ನೋಡಿಕೊಳ್ಳುತ್ತಾನೆಂದು ತಂದೆ ಹೊರಟರು. ಮೂರನೆಯ ದಿನ ಕೂಸು ಹೋಯಿತು. ಅವರು ಬುಕ್ಕಿಟ್ಟು ಹಚ್ಚಿದ ಹಣೆಯಲ್ಲಿ ಮನೆಗೆ ಮರಳಿದಾಗ ಎಲ್ಲ ಮುಗಿದಿತ್ತು. ಆ ಮೇಲೆ ವಾರಿಯನ್ನೂ ಬಿಡಲಿಲ್ಲ, ಮಾಳೆಯನ್ನೂ ತೆಗೆಯಲಿಲ್ಲ. ಆದರೆ ಯಾವ ಕೂಸನ್ನೂ ಎತ್ತಿಕೊಳ್ಳಲಿಲ್ಲ. ನನ್ನ ತಮ್ಮ ಹುಟ್ಟಿದಾಗಲೂ ಇಲ್ಲ, ನನ್ನ ಮಕ್ಕಳು ಹುಟ್ಟಿದಾಗಲೂ ಇಲ್ಲ. ಕೂಸನ್ನು ಯಾರಾದರೂ ಮುಂದೆ ಚಾಚಿದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹಿರಿಯರಿಗೆ ಮಡಿಯ ಹಟವೆಂದು ಊರವರು ಅಂದುಕೊಂಡರು.

'ಭಕ್ತ ಕುಂಬಾರ' ಗಡಿಯಾಚೆ ಆಳಂದದ ಕಡೆಗೆ ತಂಬೂ ಟಾಕೀಸಿನಲ್ಲಿ ಬಂದಾಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಅವ್ವನನ್ನು ಕರೆದುಕೊಂಡು ಹೋದೆ. ಕಥೆ ಕೀರ್ತನೆಗಳಲ್ಲಿ ಅವಳು ಕೇಳಿದ್ದೇ. ಆದರೂ ಗೋರಾ ಕಣ್ಣುಮುಚ್ಚಿ ಹಾಡುತ್ತ ಮಣ್ಣು ತುಳಿಯುವ ದೃಶ್ಯ ಬಂದು, ಕೂಸು ಆ ಕಡೆಗೆ ಹರಿದದ್ದು ಕಂಡೊಡನೆ ಎದ್ದು ಹೊರಗೆ ಹೋದಳು. ಮುಗಿಯುವವರೆಗೂ ಬಂಡಿಯ ಬಳಿ ಕುಳಿತಿದ್ದಳು. ದಾರಿಯಲ್ಲಿ ನಾನು ಸಮಾಧಾನಕ್ಕೆಂದು, ಕಡೀಕ ಕೂಸು ತಿರುಗಿ ಬರತೈತಿ ಅವ್ವಾ, ನೀ ನೋಡಬೇಕಿತ್ತು ಎಂದೆ. "ಬಂದಿರಬೇಕು ತಮ್ಮಾ. ಅದು ನೋಡೂ ಮಂದಿ ಸಲುವಾಗಿ ಬಂದದ್ದು" ಎಂದಳು. ಮತ್ತೆ ಮಾತನಾಡಲಿಲ್ಲ.

ಆ ಒಂದು ಮಾತು ನನಗೆ ಎಷ್ಟೋ ವಿಮರ್ಶಾ ಗ್ರಂಥಗಳಿಗಿಂತ ಹೆಚ್ಚು ತಿಳಿಸಿತು. 'ಭಕ್ತ ಕುಂಬಾರ'ದ ಬಲವೆಲ್ಲ ಮಣ್ಣು ತುಳಿಯುವ ಆ ದೃಶ್ಯದಲ್ಲಿದೆ. ತನ್ಮಯತೆ ಎಂಬುದು ಎಂಥ ಸುಖ, ಅದೇ ಹೊತ್ತಿಗೆ ಎಂಥ ಅಪಾಯ ಎಂಬ ಎರಡನ್ನೂ ಅಲ್ಲಿ ಒಂದೇ ಹಾಡಿನಲ್ಲಿ ಕಾಣುತ್ತೇವೆ. ರೋಮಾ ರೋಲಾ ಹೇಳಿದ ಕಡಲಿನ ಅನುಭವ ಅದೇ; ಆದರೆ ಆ ಕಡಲಿನ ದಂಡೆಯಲ್ಲಿ ಒಂದು ಕೂಸು ಆಡುತ್ತಿದೆ. ಇಷ್ಟು ದೂರ ಬಂದ ಚಿತ್ರವು ಅಲ್ಲಿಂದ ಮುಂದೆ ಹಿಂಜರಿಯುತ್ತದೆ. ಸತ್ತ ಕೂಸಿನ ದುಃಖವನ್ನು ಆಣೆಯ ಕಥೆಯಾಗಿ ಮಾರ್ಪಡಿಸಿ, ಪವಾಡದಿಂದ ತೀರಿಸುತ್ತದೆ. ಲೀಲಾವತಿಯವರಂಥ ಸಮರ್ಥ ನಟಿ ಆ ಮನೆಯಲ್ಲಿದ್ದರೂ ತಾಯಿಯ ಮನಸ್ಸಿನೊಳಗೆ ಕ್ಯಾಮೆರಾ ಬಹಳ ಹೊತ್ತು ನಿಲ್ಲುವುದಿಲ್ಲ. ಭಕ್ತನ ಮನಸ್ಸಿಗೆ ಸಿಕ್ಕ ಕಾಲಾವಕಾಶ ಆ ಮನೆಯ ಹೆಣ್ಣಿಗೆ ಸಿಕ್ಕಿಲ್ಲ. ಪವಾಡವನ್ನು ನಾನು ಆಕ್ಷೇಪಿಸುತ್ತಿಲ್ಲ. ಕಳೆದ ಕೂಸು ಬರಲೆಂದು ಬಯಸದವರು ಯಾರು? ಆಕ್ಷೇಪ ಇಷ್ಟೇ: ಆ ಬಯಕೆ ಯಾರದೆಂಬುದನ್ನು ಚಿತ್ರ ಮರೆಯಿತು.

ಫ್ರಾಯ್ಡರ ವಿಧಾನಕ್ಕೆ ಇನ್ನೂ ಪೂರ್ತಿಯಾಗಿ ಒಪ್ಪುವ ಚಿತ್ರ ಬೇಕಾದರೆ ಬಂಗಾಳಕ್ಕೆ ಹೋಗಬೇಕು. ಸತ್ಯಜಿತ್ ರಾಯರ 'ದೇವಿ' (1960) ಪ್ರಭಾತಕುಮಾರ ಮುಖೋಪಾಧ್ಯಾಯರ ಕಥೆಯನ್ನು ಆಧರಿಸಿದ್ದು. ನಡೆಯುವುದು 19ನೆಯ ಶತಮಾನದ ಜಮೀನ್ದಾರರ ಮನೆಯಲ್ಲಿ. ಕಾಳೀಭಕ್ತನಾದ ವೃದ್ಧ ಮಾವ ಕಾಲಿಕಿಂಕರ, ಕಿರಿಯ ಸೊಸೆ ದಯಾಮಯಿಯೇ ದೇವಿಯ ಅವತಾರವೆಂದು ಕನಸು ಕಾಣುತ್ತಾನೆ. ದೇವಿಯ ಮೂರು ಕಣ್ಣುಗಳು ಕತ್ತಲಲ್ಲಿ ತೇಲಿ ಬಂದು ಸೊಸೆಯ ಮುಖದಲ್ಲಿ ನೆಲೆಗೊಳ್ಳುವ ಆ ಕನಸು ತೆರೆಯ ಮೇಲೆ ಕೆಲವೇ ಕ್ಷಣ ಇರುತ್ತದೆ. ಮಾವನ ಬಾಯಲ್ಲಿ ಅವಳು ಮೊದಲಿನಿಂದಲೂ ತಾಯಿ. ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವುದು, ಅವಳ ಕೈಯಿಂದಲೇ ಸೇವೆ ಪಡೆಯುವುದು ಅವನಿಗೆ ಬೇಕು. ಹೆಸರಿಟ್ಟು ಹೇಳಲಾಗದ ಆಸೆಯೊಂದು ಭಕ್ತಿಯ ಬಟ್ಟೆ ಉಟ್ಟು ಬಂದಿತೆಂದು ತಿಳಿಯಲು ಇಲ್ಲಿ ಯಾವ ಬಲವಂತವೂ ಬೇಕಿಲ್ಲ. ಅವನು ಕಾಲಿಗೆ ಬಿದ್ದಾಗ ದಯಾಮಯಿ ಗೋಡೆಯ ಕಡೆಗೆ ತಿರುಗುತ್ತಾಳೆ. ಅವಳ ಕಾಲ್ಬೆರಳುಗಳು ಮಡಚಿಕೊಳ್ಳುತ್ತವೆ. ಆ ಬೆರಳುಗಳನ್ನು ತೋರಿಸಿದ ರಾಯರಿಗೆ ಹೆಚ್ಚಿನ ಸಂಭಾಷಣೆ ಬೇಕಾಗಲಿಲ್ಲ.

ಆದರೆ 'ದೇವಿ'ಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಭಾಗ. ರೋಗಿ ಮಗುವೊಂದು ಅವಳ ಮುಂದೆ ಗುಣವಾದ ಮೇಲೆ ಅವಳಿಗೇ ಅನುಮಾನ ಹುಟ್ಟುತ್ತದೆ: ನಾನು ದೇವಿಯೇ ಆಗಿದ್ದರೆ? ಗಂಡನೊಡನೆ ತಪ್ಪಿಸಿಕೊಂಡು ಹೊರಟವಳು ಹೊಳೆಯ ದಂಡೆಯಲ್ಲಿ ವಿಸರ್ಜನೆಯಾದ ಮೂರ್ತಿಯ ಹುಲ್ಲುಗೂಡನ್ನು ಕಂಡು ಹಿಂತಿರುಗುತ್ತಾಳೆ. ಇತರರ ಬಯಕೆ ಮನುಷ್ಯನೊಳಗೆ ಹೊಕ್ಕು ಅವನದೇ ನಂಬಿಕೆಯಾಗಿ ಬೆಳೆಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ. ಕೊನೆಗೆ ಮನೆಯದೇ ಕೂಸು ಕಾಯಿಲೆ ಬಿದ್ದಾಗ ಅದನ್ನು ಔಷಧದ ಬದಲು ಅವಳ ಮಡಿಲಿಗೆ ಒಪ್ಪಿಸುತ್ತಾರೆ, ಕೂಸು ಸಾಯುತ್ತದೆ. ಕೂಸಿನ ತಾಯಿಗೆ ವೈದ್ಯ ಬೇಕಿತ್ತು. ಅವಳ ಮಾತು ನಡೆಯಲಿಲ್ಲ. ವಿದ್ವಾಂಸರು ಮಾವನ ಕನಸನ್ನು ಕುರಿತು ಬರೆದಷ್ಟು ಈ ತಾಯಿಯನ್ನು ಕುರಿತು ಬರೆದಿಲ್ಲ ಎಂಬುದು ನನಗೆ ಕಾಣುವ ಕೊರತೆ. ಮನೋವಿಶ್ಲೇಷಣೆಯು ಭಕ್ತನ ಮಂಚದ ಬಳಿ ಕುಳಿತುಕೊಳ್ಳುತ್ತದೆ, ಅಡುಗೆಮನೆಗೆ ಬರುವುದು ಅಪರೂಪ.

ಹಿರಿಯ ವಾರಕರಿಗಳೊಬ್ಬರಿಗೆ ಈ ವಿಚಾರಗಳನ್ನು ಹೇಳಿದಾಗ ಅವರು ಬೇಸರಪಟ್ಟರು. ಸಂತರ ಮನಸ್ಸನ್ನು ಹೀಗೆ ಕೊಯ್ದು ನೋಡಬಹುದೇ ಎಂದರು. ಅವರ ಬೇಸರದಲ್ಲಿ ಅರ್ಥವಿದೆ. ತನ್ಮಯತೆಯನ್ನೆಲ್ಲ ರೋಗವೆಂದು, ಭಕ್ತನನ್ನೆಲ್ಲ ರೋಗಿಯೆಂದು ಬರೆದ ಪಂಡಿತರು ಇದ್ದಾರೆ. ಕಕ್ಕರ್ ಅವರು ಆ ಅವಸರವನ್ನು ಒಪ್ಪಲಿಲ್ಲ, ಒಪ್ಪದಿದ್ದುದು ಸರಿ. ಆದರೆ ಪರೀಕ್ಷಿಸುವುದು ಸಂತರಿಗೇ ಹೊಸದಲ್ಲ. ಗೋರೋಬಾಕಾಕಾ ಮುಕ್ತಾಬಾಯಿಯ ಮಾತಿನಂತೆ ಮಡಕೆ ತಟ್ಟುವ ಹಲಗೆಯಿಂದ ಸಂತರ ತಲೆಗಳನ್ನು ಒಂದೊಂದಾಗಿ ತಟ್ಟಿ, ನಾಮದೇವನದು ಇನ್ನೂ ಹಸಿ ಎಂದು ಹೇಳಿದ ಕಥೆ ನಮಗೆಲ್ಲ ಪ್ರಿಯವಾದದ್ದು. ತಟ್ಟಿದವನ ತಲೆಯನ್ನು ಯಾರೂ ತಟ್ಟಬಾರದೆಂದು ಆ ಕಥೆ ಹೇಳುವುದಿಲ್ಲ.

ಜೇಮ್ಸ್ ಹೇಳಿದ ಫಲದ ಅಳತೆಯನ್ನು ನಾನು ಒಪ್ಪುವುದೂ ಈ ಕಾರಣಕ್ಕಾಗಿಯೇ. ಆದರೆ ಫಲವನ್ನು ಭಕ್ತನ ಮುಖದಲ್ಲಿ ಮಾತ್ರ ಹುಡುಕಬಾರದು, ಅವನ ಮನೆಯಲ್ಲಿಯೂ ಹುಡುಕಬೇಕು. ಆ ಅಳತೆಗೆ ನಿಲ್ಲುವ ಚಿತ್ರ ಮೇಲೆ ಹೇಳಿದ 'ಸಂತ ತುಕಾರಾಂ'. ವಿಷ್ಣುಪಂತ ದಾಮ್ಲೆ ಮತ್ತು ಶೇಖ್ ಫತ್ತೇಲಾಲ್ ನಿರ್ದೇಶಿಸಿದ ಈ ಮರಾಠಿ ಚಿತ್ರ ಮುಂಬಯಿಯಲ್ಲಿ ವರ್ಷಕ್ಕೂ ಮಿಕ್ಕಿ ಓಡಿತು, 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ವಿಷ್ಣುಪಂತ ಪಾಗನೀಸರ ತುಕಾರಾಮನ ಬಗ್ಗೆ ಹೊಗಳಿಕೆ ಸಾಕಷ್ಟು ಬಂದಿದೆ. ನನ್ನ ಪಾಲಿಗೆ ಚಿತ್ರದ ಜೀವ ಗೌರಿಯವರು ಅಭಿನಯಿಸಿದ ಹೆಂಡತಿ ಜೀಜಾಯಿ. ಅವಳ ಲೋಕದಲ್ಲಿ ಹಸಿದ ಮಕ್ಕಳಿವೆ, ಎಮ್ಮೆ ಇದೆ, ಬರಿದಾದ ಡಬ್ಬಿಗಳಿವೆ. ಕೂಸಿಗೆ ಕಾಯಿಲೆಯಾದಾಗ ಅವಳು ಅದನ್ನು ಎಳೆದುಕೊಂಡು ಗುಡಿಗೆ ನುಗ್ಗಿ ವಿಠೋಬನ ಮುಂದೆ ಕೆರವು ಎತ್ತುತ್ತಾಳೆ. ಕೂಸು ಗುಣವಾಗುತ್ತದೆ. ಇಲ್ಲಿಯೂ ಪವಾಡವೇ, ಆದರೆ ಇದು ಯಾರ ಬಯಕೆಗೆ ಬಂದ ಪವಾಡ ಎಂಬುದರಲ್ಲಿ ಸಂದೇಹವಿಲ್ಲ. ಅವಳ ಸಿಟ್ಟು ದೇವರನ್ನು ತಲುಪುವ ಮಾತೇ ಆಗಿದೆ, ಗಂಡನ ಅಭಂಗದಷ್ಟೇ ನೇರವಾಗಿ. ಕೊನೆಯಲ್ಲಿ ತುಕಾರಾಮ ವೈಕುಂಠಕ್ಕೆ ಕರೆದರೂ ಅವಳು ಮನೆವಾರ್ತೆ ಬಿಟ್ಟು ಹೊರಡಲು ಒಪ್ಪುವುದಿಲ್ಲ. ಗರುಡವಾಹನ ಮೇಲೇರುತ್ತದೆ, ಅವಳು ನೆಲದ ಮೇಲೆ ಉಳಿಯುತ್ತಾಳೆ. ನಿರ್ದೇಶಕರು ಅವಳನ್ನು ಅಜ್ಞಾನಿಯೆಂದು ಕಡೆಗಣಿಸಲಿಲ್ಲ, ತ್ಯಾಗಮೂರ್ತಿಯೆಂದು ಆರತಿಯನ್ನೂ ಎತ್ತಲಿಲ್ಲ.

ಈ ಚಿತ್ರವನ್ನು ಒಮ್ಮೆ ದೂರದರ್ಶನದಲ್ಲಿ ತೋರಿಸಿದರು. ಊರಿಗೆ ಆಗಿನ್ನೂ ನಾಲ್ಕೈದು ಟೀವಿಗಳು ಬಂದಿದ್ದವು. ನಮ್ಮ ಪಡಸಾಲೆ ತುಂಬಿತ್ತು. ಜೀಜಾಯಿ ಕೆರವು ಹಿಡಿದು ಗುಡಿಗೆ ನುಗ್ಗಿದಾಗ ಹೆಂಗಸರೆಲ್ಲ ನಕ್ಕರು. ನಮ್ಮವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ತಂದೆಯವರು ಕಂಬಕ್ಕೆ ಒರಗಿ ಕುಳಿತಿದ್ದರು. ಅವಳ ಕಡೆಗೆ ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ, ಎದ್ದೂ ಹೋಗಲಿಲ್ಲ.